ಜಮಖಾನದ ಆಚೆಯ ಸಮುದ್ರ

ಕರಾವಳಿಗೆ ತೆಂಗಿನಕಾಯಿ ಹೊತ್ತುಕೊಂಡು ಪ್ರವಾಸ ಹೋದವರು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಾವೇ, ತಿಪಟೂರು ಸೀಮೆಯವರು. ಒಂದು ಚೀಲ ತುಂಬ ಸುಲಿದ ಕಾಯಿ, ಜೊತೆಗೆ ತುರಿಯುವ ಮಣೆ, ಸೀಮೆಎಣ್ಣೆ ಸ್ಟೌ, ಅನ್ನದ ತಪ್ಪಲೆ, ಅಕ್ಕಿ, ಸಾರಿನ ಪುಡಿ. ಇದನ್ನು ಹೇಳಿದರೆ ಕೇಳಿದವರೆಲ್ಲ ನಗುತ್ತಾರೆ. ನಗಲಿ ಬಿಡಿ. ನನಗೆ ಮಾತ್ರ ಆ ಚೀಲ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಹೊನ್ನವಳ್ಳಿ ಕಡೆಯ ನಮ್ಮ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ತಿಪಟೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ಅಪ್ಪ, ಚಿಕ್ಕಪ್ಪ ಮತ್ತು ಅಕ್ಕಪಕ್ಕದ ತೋಟದ ಗಂಡಸರು ಸೇರಿ ಒಂದು ಮೆಟಡೋರ್ ಗೊತ್ತುಮಾಡಿದರು. ಜೋಗದ ಕಡೆಯಿಂದ ಘಟ್ಟ ಇಳಿಯುವುದು, ಮಿರ್ಜಾನ್ ಕೋಟೆ ನೋಡುವುದು, ಕಾಪುವಿನಲ್ಲಿ ಸಮುದ್ರ ಸ್ನಾನ ಮಾಡಿ ದೀಪಸ್ತಂಭ ಹತ್ತುವುದು, ಧರ್ಮಸ್ಥಳದ ಮೇಲಿಂದ ವಾಪಸ್ಸು ಬರುವುದು. ಹೆಂಗಸರೆಂದರೆ ಅಮ್ಮ, ಚಿಕ್ಕಮ್ಮ, ನಾನು, ಅಷ್ಟೇ.

ಹೊರಟವರಲ್ಲಿ ಸಮುದ್ರ ನೋಡುವ ಆಸೆ ನಿಜವಾಗಿ ಇದ್ದದ್ದು ಅಮ್ಮನಿಗೆ. ಆಸೆ ಹುಟ್ಟಿದ್ದು ತೋಟದಲ್ಲಿ. ನಮ್ಮಲ್ಲಿ ತೆಂಗಿನ ಬುಡಕ್ಕೆ ಗೊಬ್ಬರದ ಜೊತೆ ಕಲ್ಲುಪ್ಪು ಹಾಕುತ್ತಾರೆ. ಅಮ್ಮ ಮದುವೆಯಾಗಿ ಬಂದ ಹೊಸದರಲ್ಲಿ, ಮರಕ್ಕೇಕೆ ಉಪ್ಪು ಎಂದು ಕೇಳಿದ್ದಕ್ಕೆ ಅಜ್ಜಿ, "ತೆಂಗು ಸಮುದ್ರದ ಮಗಳು ಕಣವ್ವ. ಅದಕ್ಕೂ ತವರಿನ ನೆಪ್ಪಾಯ್ತದೆ, ಒಂದು ಹಿಡಿ ಉಪ್ಪು ಹಾಕು, ಸಮಾಧಾನ ಮಾಡ್ಕಳ್ತದೆ" ಎಂದಿದ್ದಳಂತೆ. ಅಂದಿನಿಂದ ಉಪ್ಪಿನ ಬುಟ್ಟಿ ಅಮ್ಮನ ಕೈಗೆ ಬಂತು. ವರ್ಷ ವರ್ಷ ಉಪ್ಪು ಹಾಕುವಾಗ ಅವಳದು ಒಂದೇ ಮಾತು, "ಒಂದ್ ದಿನ ಈ ಮರದ ತವರು ನೋಡ್ಬೇಕು ಕಣೇ. ಆ ನೀರ್ನಾಗೆ ಕಾಲಿಟ್ಟು ನಿಂತ್ಕಬೇಕು." ಅವಳು ಬೇರೇನನ್ನೂ ಬಾಯಿಬಿಟ್ಟು ಕೇಳಿದ್ದು ನನಗೆ ನೆನಪಿಲ್ಲ.

ಇನ್ನು ಅಡುಗೆ ಸಾಮಾನು ಯಾಕೆ? ಕೊಬ್ಬರಿ ಮಾರಿ ಬದುಕುವ ನಮ್ಮ ಗಂಡಸರಿಗೆ ಕೊಬ್ಬರಿ ಎಣ್ಣೆಯ ಅಡುಗೆ ಗಂಟಲಲ್ಲಿ ಇಳಿಯುವುದಿಲ್ಲ! ನಮ್ಮ ಕಡೆ ಅದು ತಲೆಗೆ ಹಚ್ಚಿಕೊಳ್ಳುವ ವಸ್ತು. ಕರಾವಳಿಯ ಹೋಟೆಲಿನಲ್ಲಿ ಒಗ್ಗರಣೆಯಿಂದ ಹಿಡಿದು ಎಲ್ಲಕ್ಕೂ ಅದನ್ನೇ ಹಾಕುತ್ತಾರೆಂದು ಅಪ್ಪನಿಗೆ ಯಾರೋ ಹೇಳಿದ್ದರು. "ತಲೆ ಎಣ್ಣೆ ಹಾಕಿದ ಪಲ್ಯ ಯಾರ್ ತಿಂತಾರ್ಲಾ?" ಎಂದು ಚಿಕ್ಕಪ್ಪ. ಅಲ್ಲಿಯ ಕಾಯಿಗೆ ರುಚಿಯಿಲ್ಲ ಎಂದು ಇನ್ನೊಬ್ಬರು. ಹೀಗೆ ಗಂಡಸರ ನಾಲಿಗೆಗೆ ಹೆದರಿ ಒಂದು ಅಡುಗೆಮನೆಯೇ ಮೆಟಡೋರ್ ಹತ್ತಿತು, ಅದರ ಜೊತೆಗೆ ಅಡುಗೆಯವರೂ ಹತ್ತಿದರು.

ಮಿರ್ಜಾನ್ ಕೋಟೆ ಆಗ ಈಗಿನಂತೆ ಒಪ್ಪವಾಗಿರಲಿಲ್ಲ. ಕೆಂಪು ಕಲ್ಲಿನ ಗೋಡೆಗಳ ಮೇಲೆ ಬಳ್ಳಿ, ಪಾಚಿ, ಗಿಡಗಂಟಿ. ವ್ಯಾನು ನಿಂತ ಕೂಡಲೇ ಅಪ್ಪ ಮರದ ಬುಡ ತೋರಿಸಿ, "ನೀವಿಲ್ಲೇ ನೆಳ್ಳಾಗೆ ಒಲೆ ಹಚ್ಕಳಿ, ನಾವು ಹಿಂಗೋಗಿ ಹಂಗ್ ಬತ್ತೀವಿ" ಎಂದರು. ನನ್ನನ್ನು ಕರೆದರು, "ನೀನು ಬಾರಮ್ಮ, ಓದೋ ಹುಡ್ಗಿ." ನಾನು ಹೋಗಲಿಲ್ಲ. ಅಮ್ಮ, ಚಿಕ್ಕಮ್ಮ ಓದಿಲ್ಲವಾದ್ದರಿಂದ ಅವರಿಗೆ ಕೋಟೆ ಬೇಡವೇ? ಕುಳಿತು ಸ್ಟೌಗೆ ಪಂಪ್ ಹೊಡೆದೆ. ಅಷ್ಟು ಸಿಟ್ಟಿನಿಂದ ಆ ಸ್ಟೌಗೆ ಯಾರೂ ಪಂಪ್ ಹೊಡೆದಿರಲಿಕ್ಕಿಲ್ಲ.

ಗಂಡಸರು ಇಳಿದು ಬಂದರು. ಉಣ್ಣುತ್ತಾ ಉಣ್ಣುತ್ತಾ ಕೋಟೆಯ ಬಾವಿಯೇನು, ಸುರಂಗವೇನು, ಗೋಡೆಯ ದಪ್ಪವೇನು, ಬಾಯಿಗೆ ಬಿಡುವಿಲ್ಲ. ಬಡಿಸುತ್ತಿದ್ದ ಅಮ್ಮ ಮೆಲ್ಲಗೆ, "ನಾವೂ ಒಂದ್ ಗಳಿಗೆ ನೋಡ್ಕಂಡ್ ಬತ್ತೀವಿ ಕಣ್ರೀ" ಎಂದಳು. ಅಪ್ಪ ತಟ್ಟೆಯಿಂದ ತಲೆ ಎತ್ತದೆ, "ಏನೈತೆ ಅಲ್ಲಿ ನೋಡಕೆ? ಬರೀ ಕಲ್ಲು, ಮುಳ್ಳು. ಪಾತ್ರೆ ತೊಳ್ದು ಎತ್ತಿಡಿ, ಹೊತ್ತಾಯ್ತದೆ" ಎಂದರು. ಒಂದು ತುತ್ತಿನ ಹಿಂದೆ ಸ್ವರ್ಗವಾಗಿದ್ದ ಕೋಟೆ ಮುಂದಿನ ತುತ್ತಿಗೆ ಕಲ್ಲು ಮುಳ್ಳಾಯಿತು. ಅಮ್ಮ ಪಾತ್ರೆ ತೊಳೆದು ಎತ್ತಿಟ್ಟಳು. ವ್ಯಾನಿನಲ್ಲಿ ನನ್ನ ಕಿವಿಯಲ್ಲಿ, "ಕೋಟೆ ಹೋಗ್ಲಿ ಬುಡು, ನಾಳೆ ಸಮುದ್ರ ಐತಲ್ಲ" ಎಂದಳು.

ಮಾರನೆಯ ದಿನ ಮರವಂತೆ ಬಂತು. ರಸ್ತೆಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ನದಿ ಇರುವ ಜಾಗ. ಡ್ರೈವರ್ ಕೂಗಿ ಹೇಳಿದ್ದೇ ತಡ, ಗಂಡಸರೆಲ್ಲ ಸಮುದ್ರದ ಕಡೆಯ ಕಿಟಕಿಗಳಿಗೆ ಮುಗಿಬಿದ್ದರು. ಅಮ್ಮ ಹಿಂದಿನ ಸೀಟಿನಲ್ಲಿ, ಉರುಳದಂತೆ ಸ್ಟೌವನ್ನು ಮೊಣಕಾಲಿನ ನಡುವೆ ಹಿಡಿದು, ನದಿಯ ಕಡೆ ಕುಳಿತಿದ್ದಳು. ಕತ್ತು ಚಾಚಿದರೆ ಅವಳಿಗೆ ಕಂಡದ್ದು ನಮ್ಮೂರಿನವರ ಬೆನ್ನುಗಳು. ವ್ಯಾನು ನಿಲ್ಲಿಸಲು ಡ್ರೈವರನಿಗೆ ಹೇಳಿದೆ. "ಕಾಪುನಾಗೆ ಬೇಕಾದಷ್ಟು ನೋಡೀರಂತೆ" ಎಂದು ಅಪ್ಪ ಮುಂದೆ ಹೋಗಲು ಕೈ ಬೀಸಿದರು.

ಕಾಪುವಿಗೆ ಬಂದಾಗ ಊಟದ ಹೊತ್ತಾಗಿತ್ತು. ಅಮ್ಮ ವ್ಯಾನಿನಿಂದ ಇಳಿದವಳೇ ಚಪ್ಪಲಿ ಬಿಟ್ಟು, "ಮೊದ್ಲು ಕಾಲು ನೆನೆಸ್ಕಂಡ್ ಬತ್ತೀನಿ ಕಣ್ರೀ" ಎಂದಳು.

"ಸಮುದ್ರ ಎಲ್ಲಿಗ್ ಓಡೋಯ್ತದೆ? ಇಲ್ಲೇ ಬಿದ್ದಿರ್ತದೆ. ಮೊದ್ಲು ಅನ್ನಕ್ಕಿಡು."

ಅಂಥ ಗಾಳಿಗೆ ಸ್ಟೌ ಹತ್ತುವುದೇ? ಹಚ್ಚಿದರೆ ಆರುತ್ತದೆ, ಹಚ್ಚಿದರೆ ಆರುತ್ತದೆ. ಆಗ ಅಪ್ಪನಿಗೆ ಉಪಾಯ ಹೊಳೆಯಿತು. ಎರಡು ತೆಂಗಿನ ಮರಗಳ ನಡುವೆ ಹಗ್ಗ ಕಟ್ಟಿ, ವ್ಯಾನಿನಲ್ಲಿದ್ದ ದೊಡ್ಡ ಜಮಖಾನವನ್ನು ಗಾಳಿಗೆ ಅಡ್ಡವಾಗಿ ಇಳಿಬಿಟ್ಟರು. ಕೆಳಗಿನ ತುದಿ ಹಾರದಂತೆ ಕಾಯಿಯ ಚೀಲವನ್ನೇ ಒತ್ತಿಟ್ಟರು. ಸ್ಟೌ ಉರಿಯಿತು. ಗಂಡಸರು ಭೇಷ್ ಎಂದರು, ಟವೆಲ್ ಸುತ್ತಿಕೊಂಡು ನೀರಿಗೆ ಓಡಿದರು. ಗಾಳಿ ಬರುತ್ತಿದ್ದುದು ಸಮುದ್ರದ ಕಡೆಯಿಂದ. ಜಮಖಾನ ಕಟ್ಟಿದ್ದೂ ಸಮುದ್ರಕ್ಕೇ.

ಅಮ್ಮ ಅದರ ಹಿಂದೆ ತುರಿಯುವ ಮಣೆಯ ಮೇಲೆ ಕುಳಿತು ಕಾಯಿ ತುರಿಯತೊಡಗಿದಳು. ಅಲೆಯ ಸದ್ದು, ಗಂಡಸರ ಕೇಕೆ ಎಲ್ಲ ಇತ್ತ ಬರುತ್ತಿತ್ತು. ಕಣ್ಣೆದುರಿಗೆ ಮಾತ್ರ ನೀಲಿ ಕೆಂಪು ಪಟ್ಟೆಯ ಜಮಖಾನ, ನಮ್ಮ ಮನೆಯ ಮದುವೆ ಮುಂಜಿಗಳಲ್ಲಿ ಹಾಸಿ ಹಾಸಿ ಸವೆದದ್ದು. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ತುರಿಯುವುದನ್ನು ನಿಲ್ಲಿಸದೆ ನನಗೆ ಹೇಳಿದಳು, "ಅತ್ಲಾಗೋಗಿ ನೋಡ್ಕಂಡು ಬಾರೇ. ಎಷ್ಟು ದೊಡ್ಡದೈತೆ ಅಂತ ನಂಗೆ ಹೇಳು."

ಅಷ್ಟು ಹತ್ತಿರ ಬಂದು, ನೋಡಿ ಬಂದು ಹೇಳು ಎಂದು ನನ್ನನ್ನು ಕಳಿಸುತ್ತಾಳೆ! ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಹಗ್ಗದ ಗಂಟು ಬಿಚ್ಚಿ ಎಳೆದೆ. ಜಮಖಾನ ದಬಕ್ಕನೆ ಕೆಳಗೆ ಬಿತ್ತು. ಸ್ಟೌ ಬುಸ್ಸೆಂದು ಆರಿತು, ತುರಿದ ಕಾಯಿಯ ಮೇಲೆಲ್ಲ ಮರಳು ಎರಚಿತು.

ಅಮ್ಮ ತಲೆ ಎತ್ತಿದಳು. ಎದುರಿಗೆ ಸಮುದ್ರ. ಅರ್ಧ ತುರಿದ ಹೋಳು ಕೈಯಲ್ಲೇ ಇತ್ತು. ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಅಪ್ಪ ಮೈಯಿಂದ ನೀರು ಸುರಿಸುತ್ತಾ ಓಡಿ ಬಂದರು.

"ಯಾರೇ ಅದು ಬಿಚ್ಚಿದ್ದು?"

"ನಾನೇ. ಅಮ್ಮ ಸಮುದ್ರ ನೋಡ್ಲಿ. ಗಾಳಿಗೆ ಬೇಕಾದ್ರೆ ನೀವು ಅಡ್ಡ ನಿಂತ್ಕಳಿ."

"ನಿನ್ನ ಓದ್ಸಿದ್ದೇ ತಪ್ಪಾಯ್ತು" ಎಂದರು ಅಪ್ಪ. ಚಿಕ್ಕಪ್ಪ ಜಮಖಾನ ಕೊಡವಿ ಮತ್ತೆ ಕಟ್ಟಿದ. ಚಿಕ್ಕಮ್ಮ ತಲೆ ತಗ್ಗಿಸಿ ಸ್ಟೌ ಹಚ್ಚಿದಳು. ಅಮ್ಮ ಬೈದದ್ದು ನನ್ನನ್ನು, "ಕಾಯೆಲ್ಲ ಹಾಳಾಯ್ತಲ್ಲೇ, ಹಸ್ಕಂಡವ್ರೆ ಎಲ್ರೂ." ಇನ್ನೊಂದು ಕಾಯಿ ಒಡೆದು ಮತ್ತೆ ತುರಿಯಲು ಕುಳಿತಳು. ಆ ಗಳಿಗೆಯಲ್ಲಿ ನನಗೆ ಅಪ್ಪನಿಗಿಂತ ಅಮ್ಮನ ಮೇಲೆ ಹೆಚ್ಚು ಕೋಪ ಬಂದಿತ್ತು. ಒಂದು ಸಲ, ಒಂದೇ ಒಂದು ಸಲ ಆ ಮಣೆಯನ್ನು ಒದ್ದು ಏಳಬಾರದೇ?

ಊಟ ಮುಗಿದಾಗ ಡ್ರೈವರ್, ಕತ್ತಲಾಗುವ ಮುಂಚೆ ಧರ್ಮಸ್ಥಳ ಸೇರಬೇಕೆಂದು ಅವಸರ ಮಾಡಿದ. ಗಂಡಸರು ದೀಪಸ್ತಂಭದ ಬಂಡೆಯ ಕಡೆ ನಡೆದರು. ಅಮ್ಮ ಎಂಜಲು ತಟ್ಟೆ, ತಪ್ಪಲೆಗಳನ್ನೆಲ್ಲ ಹೊಂದಿಸಿಕೊಂಡು ಸಮುದ್ರಕ್ಕೆ ಹೋದಳು. ತಾನು ಇಷ್ಟು ಕಾಲ ಉಪ್ಪು ಹಾಕಿ ಸಾಕಿದ ಮರದ ತವರಿಗೆ ನನ್ನ ತಾಯಿ ಹೋದದ್ದು ಹೀಗೆ, ಮುಸುರೆ ಪಾತ್ರೆ ಹೊತ್ತುಕೊಂಡು. ಸೀರೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕುಳಿತು, ಸೋಪು ಹಚ್ಚಿ, ಮರಳು ಹಾಕಿ ತಿಕ್ಕತೊಡಗಿದಳು. ಒಂದು ದೊಡ್ಡ ಅಲೆ ಬಂದು ತಟ್ಟೆಯೊಂದನ್ನು ಎಳೆದುಕೊಂಡಿತು. ಅಮ್ಮ ಅದರ ಹಿಂದೆ ಮೊಣಕಾಲುದ್ದ ನೀರಿಗೆ ಓಡಿ, ತಟ್ಟೆ ಹಿಡಿದು, ಜೋರಾಗಿ ನಕ್ಕಳು. ನಾನು ಅವಳ ಅಂಥ ನಗು ಕೇಳಿರಲಿಲ್ಲ. ತಟ್ಟೆಯನ್ನು ಎದೆಗೆ ಒತ್ತಿಕೊಂಡು ಹಾಗೇ ನಿಂತಳು. ಅಷ್ಟರಲ್ಲಿ ವ್ಯಾನಿನ ಹಾರನ್ ಶುರುವಾಯಿತು. ನಿಲ್ಲಿಸದೆ ಹೊಡೆದರು ಪುಣ್ಯಾತ್ಮರು.

ಊರಿಗೆ ಬಂದ ಮೇಲೆ ಕೇರಿಯ ಹೆಂಗಸರು ಜಗಲಿಯಲ್ಲಿ ಸೇರಿ, "ಸಮುದ್ರ ಹೆಂಗಿತ್ತಕ್ಕಾ?" ಎಂದು ಅಮ್ಮನನ್ನು ಕೇಳಿದರು. ಉತ್ತರ ಹೇಳಿದ್ದು ಅಪ್ಪ. ಅಲೆ, ಹಡಗು, ದೀಪಸ್ತಂಭದ ಮೇಲಿನ ಗಾಳಿ, ಎಲ್ಲವನ್ನೂ ಬಣ್ಣಿಸಿ, "ಇವಳಿಗೂ ತೋರ್ಸ್ಕಂಡ್ ಬಂದೆ" ಎಂದು ಮುಗಿಸಿದರು. ಹೆಂಗಸರು ಮತ್ತೆ ಅಮ್ಮನ ಮುಖ ನೋಡಿದರು. ಅಮ್ಮ ಹೇಳಿದ್ದು ಇಷ್ಟೇ, "ಆ ನೀರ್ನಾಗೆ ಸೋಪು ನೊರೆ ಬರಲ್ಲ ಕಣ್ರವ್ವ. ಜಿಡ್ಡೇ ಹೋಗಲ್ಲ." ಜಗಲಿಯ ತುಂಬ ನಗು. ಅಪ್ಪನೂ ನಕ್ಕರು. ನಾನು ಎದ್ದು ಒಳಗೆ ಹೋದೆ.

ಮುಂದಿನ ವರ್ಷ ಮತ್ತೆ ಟೂರಿನ ಮಾತು ಎದ್ದಿತು. ಈ ಸಲ ಗೋವಾದ ಕಡೆ, ಅಲ್ಲಿಯ ಕೋಟೆಗಳು ಇನ್ನೂ ದೊಡ್ಡವಂತೆ. ಅಮ್ಮ ತೋಟದಲ್ಲಿ ಮರಗಳಿಗೆ ಉಪ್ಪು ಹಾಕುತ್ತಿದ್ದಳು, ನಾನು ಬುಟ್ಟಿ ಹಿಡಿದಿದ್ದೆ. ಅಪ್ಪ ಅಲ್ಲಿಗೇ ಬಂದು ಹೊರಡುವ ದಿನ ಹೇಳಿದರು. ಅಮ್ಮ ಬಗ್ಗಿದವಳು ಬಗ್ಗಿದಂತೆಯೇ, "ನಾನು ಬರಲ್ಲ" ಎಂದಳು.

ಯಾಕೆ ಎಂದು ಅಪ್ಪ ಕೇಳುತ್ತಾರೆಂದು ನಾನು ಕಾದೆ. ಕೇಳಿದ್ದರೆ ಈ ಸಿಟ್ಟು ಅಂದೇ ಅರ್ಧ ಇಳಿಯುತ್ತಿತ್ತೇನೋ.

"ಹಂಗಾದ್ರೆ ಅಡುಗೆಗೆ ಏನ್ ಮಾಡದು?" ಎಂದರು ಅಪ್ಪ.

ಅಮ್ಮ ನೆಟ್ಟಗೆ ನಿಂತು ಕೈಗೆ ಅಂಟಿದ ಉಪ್ಪು ಕೊಡವಿಕೊಂಡಳು. "ತುರಿಯೋ ಮಣೆ ಅಡುಗೆಮನೇಲೈತೆ, ಸ್ಟೌ ಅಟ್ಟದ ಮ್ಯಾಲೈತೆ. ತಗಂಡೋಗಿ" ಎಂದು ಹೇಳಿ ಮುಂದಿನ ಮರಕ್ಕೆ ಹೋದಳು.

ಆ ವರ್ಷ ಟೂರು ಹೊರಡಲಿಲ್ಲ. ಕೇಳಿದವರಿಗೆಲ್ಲ ಅಪ್ಪ, "ನಮ್ಮನೇವ್ಳಿಗೆ ಸಮುದ್ರ ಹಿಡಿಸ್ಲಿಲ್ಲ ಕಣಪ್ಪ" ಎಂದು ಹೇಳಿಕೊಂಡು ತಿರುಗಿದರು.