ಕಿಯೊ ಸಾನ್ ಹಣೆಯ ಕೆಂಪು ಬಟ್ಟೆ

ಹೋದ ಶನಿವಾರ ಪಕ್ಕದ ಮನೆ ಬೆಲ್ ಒತ್ತಿದೆ. ಬಾಗಿಲು ತೆಗೆದ ಕಿಯೊ ಸಾನ್ ಹಣೆಗೆ ಕೆಂಪು ಬಟ್ಟೆ ಬಿಗಿದುಕೊಂಡಿದ್ದಳು.

ನಮ್ಮ ಕಡೆ ಹಣೆಗೆ ಬಟ್ಟೆ ಬಿಗಿದರೆ ಏನರ್ಥ? ತಲೆನೋವು. ಅದನ್ನೇನು ಡಾಕ್ಟರ್ ಬಂದು ಹೇಳಬೇಕಾ? ಕೊಡಲು ತಂದಿದ್ದ ಚಿತ್ರಾನ್ನದ ಡಬ್ಬಿ ಆಕೆಯ ಕೈಗಿಟ್ಟು ವಾಪಸ್ ಓಡಿದೆ. ಶುಂಠಿ, ಮೆಣಸು ಜಜ್ಜಿ ಕಷಾಯ ಕಾಯಿಸಿದೆ. ಊರಿಂದ ತಂದ ಬಾಮ್ ಹಿಡಿದು ಮತ್ತೆ ಹೋದೆ. ಆಯಮ್ಮ ಏನೋ ಹೇಳುತ್ತಲೇ ಇದ್ದಳು. ನಾನು ಕೇಳಿಸಿಕೊಳ್ಳಲಿಲ್ಲ. (ಕೇಳಿಸಿಕೊಂಡಿದ್ದರೂ ಅರ್ಥವಾಗುತ್ತಿರಲಿಲ್ಲ, ಆ ಮಾತು ಬೇರೆ.) ಹಿಡಿದು ಕೂರಿಸಿ, ಬಟ್ಟೆ ಮೇಲೆ ಸರಿಸಿ, ಹಣೆ ತಿಕ್ಕಿದ್ದೇ ತಿಕ್ಕಿದ್ದು.

ಆಯಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನೀರು ನಗುವಿಗೆ ಬಂತೋ ಬಾಮಿಗೆ ಬಂತೋ ದೇವರಿಗೇ ಗೊತ್ತು.

"ಅಜ್ಜೀ, ಸ್ಟಾಪ್!" ಹಿಂದೆಯೇ ಬಂದ ಮೊಮ್ಮಗಳು ಮಾನ್ವಿ ಕೂಗಿದಳು. "ತಲೆನೋವು ಅಲ್ಲ. ಅದು ಸ್ಟ್ರೈಕ್‌ದು!"

ಟೋಕಿಯೊದ ಕೋಟೋ ಅನ್ನೋ ಬಡಾವಣೆಯಲ್ಲಿ ನಾವಿರುವ ಫ್ಲಾಟಿನಿಂದ ನನ್ನ ಮಗಳು ಸುಧಾ ಬೆಳಗ್ಗೆ ಆಫೀಸಿಗೆ ಹೊರಟರೆ ಬರುವುದು ಕತ್ತಲಾದ ಮೇಲೆ. ಅಲ್ಲಿವರೆಗೆ ನನಗೆ ಇರುವವರು ಇಬ್ಬರೇ: ಎರಡನೇ ಕ್ಲಾಸಿನ ಮಾನ್ವಿ, ಪಕ್ಕದ ಮನೆ ಕಿಯೊ ಸಾನ್. ಆಯಮ್ಮ ನನ್ನನ್ನು "ಅಜ್ಜಿ ಸಾನ್" ಅನ್ನುತ್ತಾಳೆ. (ಸಾನ್ ಅಂದರೆ ನಮ್ಮ 'ಅವರು' ಇದ್ದ ಹಾಗೆ, ಮರ್ಯಾದೆಗೆ.) ನಮ್ಮಿಬ್ಬರ ಮಾತನ್ನು ಅತ್ತಿತ್ತ ಸಾಗಿಸುವವಳು ಮಾನ್ವಿ. ಅರ್ಧ ಇಂಗ್ಲಿಷು, ಕಾಲು ಕನ್ನಡ. ಮಿಕ್ಕಿದ್ದು ಆಯಮ್ಮನ ಕೈಸನ್ನೆ. ಎಲ್ಲ ಸೇರಿಸಿ ನನಗೆ ತಿಳಿದದ್ದು ಇಷ್ಟು.

ಕಿಯೊ ಸಾನ್ ವಯಸ್ಸಿನಲ್ಲಿದ್ದಾಗ ಸೆಂಡಾಯ್ ಅನ್ನೋ ಊರಿನ ಹತ್ತಿರ, ಸಮುದ್ರದ ಪಕ್ಕ, ಒಂದು ಮಾಂಸದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಳಂತೆ. ಹಂದಿ ಮಾಂಸ ಕತ್ತರಿಸಿ ಪ್ಯಾಕ್ ಮಾಡುವ ಕೆಲಸ. ಫ್ರಿಜ್ಜಿನೊಳಗೆ ನಿಂತ ಹಾಗೆ ಚಳಿ. ಬೆರಳು ಮರಗಟ್ಟಿ, ಹಿಡಿದ ಚಾಕು ಕೈಯಲ್ಲಿದೆಯೋ ಬಿತ್ತೋ ಗೊತ್ತಾಗುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ಗೆಳತಿ ಬೆರಳು ಕುಯ್ದುಕೊಂಡಾಗ ನೋವಾಗಲೇ ಇಲ್ಲವಂತೆ. ರಕ್ತ ನೋಡಿಯೇ ತಿಳಿದದ್ದು.

ಹೆಂಗಸರು ಕೇಳಿದ್ದೇನು? ಬಂಗಲೆಯಾ? ಟೇಬಲ್ಲಿಗೊಂದು ಬಕೆಟ್ ಬಿಸಿನೀರು, ನಡುನಡುವೆ ಕೈ ಅದ್ದೋಕೆ. "ಕೈ ಅದ್ದುತ್ತಾ ಕೂತರೆ ಕತ್ತರಿಸೋರು ಯಾರು?" ಅಂದನಂತೆ ಮ್ಯಾನೇಜರು. ಸರಿ, ಎಲ್ಲರೂ ಚಾಕು ಕೆಳಗಿಟ್ಟರು. 'ಬಿಸಿನೀರು' ಅಂತ ಬರೆದ ಕೆಂಪು ಬಟ್ಟೆ ಹಣೆಗೆ ಕಟ್ಟಿ ಗೇಟಿನ ಮುಂದೆ ಕೂತರು. ಕೂತು ಹಾಡಿದರು. ಮೊದಲು ಬಿಸಿನೀರು ಕೊಡಿ, ಆಮೇಲೆ ಚಾಕು ಕೊಡಿ, ಅಂತ.

ಕಿಯೊ ಸಾನ್ ಹಾಡಿ ತೋರಿಸಿದಳು. ನಾನು ಬೆಚ್ಚಿಬಿದ್ದೆ. ಅಯ್ಯೋ, ಇದು ನಮ್ಮ ಮಾನ್ವಿ ದಿನಾ ಸಂಜೆ ಟಬ್ಬಿನಲ್ಲಿ ಕೂತು ಅರಚುವ ಹಾಡಲ್ಲವಾ! ಆ ಊರಿನಲ್ಲಿ ತಾಯಂದಿರು ಮಕ್ಕಳಿಗೆ ನೀರು ಹಾಕುವಾಗ ಇದನ್ನೇ ಹಾಡಿ ಹಾಡಿ, ಹಾಡಿನಿಂದ ಚಾಕು ಬಿಟ್ಟುಹೋಗಿ ಅದರ ಜಾಗಕ್ಕೆ ಬಾತುಕೋಳಿ ಬಂದು ಸೇರಿಕೊಂಡಿದೆಯಂತೆ. ಕಿಯೊ ಸಾನ್ ತನ್ನ ಮೊಮ್ಮಗಳು ಯೂಯಿಗೆ ಹಾಡಿದಳು. ಯೂಯಿ ನಮ್ಮ ಮಾನ್ವಿಗೆ ಕಲಿಸಿದಳು. ಎಲ್ಲಿಯ ಸ್ಟ್ರೈಕು, ಎಲ್ಲಿಯ ನಮ್ಮನೆ ಬಚ್ಚಲು!

"ಯೂಯಿಗೆ ಇದೆಲ್ಲ ಗೊತ್ತಾ?" ಅಂದೆ.

ಆಯಮ್ಮನ ಮುಖ ಸಣ್ಣದಾಯಿತು. ಗೊತ್ತಿಲ್ಲ. ಮಗಳು ಹೇಳಬಾರದು ಅಂದಿದ್ದಾಳೆ. ಮಾಂಸ ಕಡಿಯುವವರು ಅಂದರೆ ಇಲ್ಲೂ ಮುಖ ತಿರುಗಿಸುವವರಿದ್ದಾರೆ, ಸ್ಕೂಲಲ್ಲಿ ಮಗುವನ್ನು ಆಡಿಕೊಂಡರೆ? ದೊಡ್ಡ ಭೂಕಂಪವಾದ ವರ್ಷ ಸುನಾಮಿ ಬಂದು ಫ್ಯಾಕ್ಟರಿ ಕೊಚ್ಚಿಕೊಂಡು ಹೋಯಿತು. ಕಿಯೊ ಸಾನ್ ಮಗಳ ಮನೆ ಸೇರಿದಳು. ಬದುಕಿರುವ ಗೆಳತಿಯರೆಲ್ಲ ಈಗಲೂ ವರ್ಷಕ್ಕೊಮ್ಮೆ ಸೆಂಡಾಯ್‌ನಲ್ಲಿ ಸೇರುತ್ತಾರೆ. ಬೇಸಿನ್ನಿನಲ್ಲಿ ಬಿಸಿನೀರಿಟ್ಟು, ಕೈ ಅದ್ದಿ, ಹಾಡು ಹೇಳಿಯೇ ಊಟ. ಈ ಸಲ ಯೂಯಿಯನ್ನು ಕರೆದುಕೊಂಡು ಹೋಗಿ ಅವರ ಮುಂದೆ ಹಾಡಿಸಬೇಕು ಅಂತ ಆಯಮ್ಮನಿಗೆ ಆಸೆ. ಮಗಳು ಬೇಡ ಅಂದಳು. ಅದಕ್ಕೇ ಒಬ್ಬಳೇ ಕನ್ನಡಿ ಮುಂದೆ ಬಟ್ಟೆ ಕಟ್ಟಿ ನೋಡಿಕೊಳ್ಳುತ್ತಿದ್ದಾಗ ನಾನು ಬೆಲ್ ಒತ್ತಿ, ಬಾಮ್ ಹಿಡಿದು ನುಗ್ಗಿದ್ದೆ.

ನನಗೆ ಸಿಟ್ಟು ಬಂತು. ಯಾರ ಮೇಲೆ? ನನ್ನ ಮಗಳ ಮೇಲೆ! ನಾನೂ ನಮ್ಮ ಯಜಮಾನರೂ ಬೆಂಗಳೂರಲ್ಲಿ ಮಿಲಿಟರಿ ಹೋಟೆಲ್ ನಡೆಸಿದವರು. ತಲೆಮಾಂಸ, ಕಾಲ್ಸೂಪು, ಬೋಟಿ ಗೊಜ್ಜು ಮಾರಿಯೇ ಸುಧಾಳನ್ನು ಇಂಜಿನಿಯರ್ ಮಾಡಿದ್ದು. ಇಲ್ಲಿನ ಕನ್ನಡದವರ ಮುಂದೆ ಅವಳೇನು ಹೇಳುತ್ತಾಳೆ ಗೊತ್ತಾ? "ನಮ್ಮಮ್ಮಂದು ಕೇಟರಿಂಗ್ ಬಿಸಿನೆಸ್." ಕೇಟರಿಂಗಂತೆ!

ಅಷ್ಟರಲ್ಲಿ ಯೂಯಿ ಅಮ್ಮನ ಜೊತೆ ಈಜು ಕ್ಲಾಸಿನಿಂದ ಬಂದಳು. ಕಿಯೊ ಸಾನ್ ಬಟ್ಟೆ ಕಿತ್ತು ದಿಂಬಿನಡಿ ತುರುಕಿದಳು. ಹೇಳಬೇಡ ಅಂತ ನಾನು ಮಾನ್ವಿಗೆ ಕಣ್ಣು ಬಿಟ್ಟೆ. ಜಪಾನಿನಲ್ಲಿ ಬೆಳೆದ ಮಗುವಿಗೆ ನಾವು ಕಣ್ಣು ಬಿಟ್ಟರೆ ಏನು ಅರ್ಥವಾಗುತ್ತೆ? ಗೆಳತಿಯನ್ನು ಕಂಡದ್ದೇ ಜಪಾನಿಯಲ್ಲಿ ಗಡಗಡ ಶುರುಮಾಡಿದಳು. ಫ್ಯಾಕ್ಟರಿ, ಚಾಕು, ರಕ್ತ, ಬಕೆಟ್ಟು, ಒಂದನ್ನೂ ಬಿಡಲಿಲ್ಲ.

ಯೂಯಿಯ ಅಮ್ಮ ಬಾಗಿಲಲ್ಲೇ ನಿಂತಳು, ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು. ಕಿಯೊ ಸಾನ್ ತಲೆ ಎತ್ತಲಿಲ್ಲ.

ಯೂಯಿ ಅಜ್ಜಿಯ ಹತ್ತಿರ ಹೋಗಿ ಏನೋ ಕೇಳಿದಳು. ಮಾನ್ವಿ ನನ್ನ ಕಿವಿಯಲ್ಲಿ ಹೇಳಿದಳು: "ಬಿಸಿನೀರು ಕೊಟ್ರಾ ಅಂತ ಕೇಳ್ತಿದಾಳೆ."

ನೋಡಿ. ಮಗುವಿಗೆ ಬೇಕಾದದ್ದು ಅಷ್ಟೇ.

"ಕೊಟ್ಟರು," ಅಂದಳು ಕಿಯೊ ಸಾನ್. "ಮೊದಲ ದಿನ ಖುಷಿಗೆ ಯಾರೂ ಕೈ ಆಚೆ ತೆಗೆಯಲೇ ಇಲ್ಲ."

ಯೂಯಿ ದಿಂಬಿನಡಿಯಿಂದ ಬಟ್ಟೆ ಎಳೆದು ತನ್ನ ಹಣೆಗೆ ಕಟ್ಟಿಕೊಂಡಳು. ಗಂಟು ಸಡಿಲ, ಬಟ್ಟೆ ಜಾರಿ ಮೂಗಿನ ಮೇಲೆ ಬಂತು. ಅವಳಮ್ಮ ಅದನ್ನು ನೋಡಿದಳು. ಆಮೇಲೆ ಇನ್ನೊಂದು ಚಪ್ಪಲಿ ಬಿಟ್ಟು ಒಳಗೆ ಬಂದು, ಗಂಟು ಬಿಚ್ಚಿ, ಬಿಗಿಯಾಗಿ ಕಟ್ಟಿದಳು. ಮಾರನೇ ದಿನ ಮಾನ್ವಿ ಸುದ್ದಿ ತಂದಳು: ಸೆಂಡಾಯ್‌ಗೆ ಮೂವರೂ ಹೊರಟಿದ್ದಾರೆ.

(ಬಾಮ್ ಡಬ್ಬಿ ಕಿಯೊ ಸಾನ್ ವಾಪಸ್ ಕೊಟ್ಟಿಲ್ಲ. ಮಂಡಿಗೆ ಹಚ್ಚಿಕೊಳ್ಳುತ್ತಾಳಂತೆ.)

ಈ ಭಾನುವಾರ ನಮ್ಮ ಕನ್ನಡದವರ ಊಟ. ಯಾರಾದರೂ ಬಂದು "ಅಜ್ಜಿ, ಊರಲ್ಲಿ ಏನು ಮಾಡ್ಕೊಂಡಿದ್ರಿ?" ಅಂತ ಕೇಳಲಿ, ಬೋಟಿ ತೊಳೆಯೋದು ಹೇಗೆ ಅನ್ನುವುದರಿಂದಲೇ ಶುರುಮಾಡುತ್ತೇನೆ.