ಮೊದಲ ಸ್ನಾನಕ್ಕೆ ಕಾದ ಕೂಸು

ನಾನು ಚಿಕ್ಕವಳಿದ್ದಾಗ, ಒಂದು ಚಳಿಗಾಲ, ಅಕ್ಕ ಚೊಚ್ಚಲ ಹೆರಿಗೆಗೆಂದು ಬಿಳಿಚೋಡಿನ ನಮ್ಮ ಮನೆಗೆ ಬಂದಿದ್ದಳು. ಒಂದು ಬೆಳಿಗ್ಗೆ ಅವಳಿಗೆ ನೋವು ಶುರುವಾಯಿತು. ಹಿತ್ತಲ ಒಲೆಯಲ್ಲಿ ಬೇವಿನ ಸೊಪ್ಪು ಹಾಕಿದ ನೀರು ಕುದಿಯುತ್ತಿತ್ತು. ಅದರ ಕಹಿ ವಾಸನೆ ಮನೆಯೆಲ್ಲ ತುಂಬಿತ್ತು. ಬಾಗಿಲಲ್ಲೇ ಸುಳಿದಾಡುತ್ತಿದ್ದ ಅಪ್ಪನನ್ನು ಅಜ್ಜಿ ಗದರಿಸಿದಳು: “ಹೆರೋಳು ಅವ್ಳು, ತಿಣುಕಾಡೋನು ನೀನು! ಹೋಗು, ಕುರಿ ಹೊಡ್ಕಂಡು ಹೋಗು.” ಅಪ್ಪ ಹೋಗಲಿಲ್ಲ. ಜಗಲಿಯ ಮೇಲೆ ಕುಳಿತ.

ಹೆಣ್ಣು ಕೂಸು ಹುಟ್ಟಿತು. ತುಂಬಾ ಸಣ್ಣದು. ಸೂಲಗಿತ್ತಿ ಹೊಕ್ಕುಳಬಳ್ಳಿ ಕತ್ತರಿಸಿ, ರೂಢಿಯಂತೆ ಕೂಸನ್ನು ಮೊರದಲ್ಲಿ ಮಲಗಿಸಿ, ಹಳೇ ಸೀರೆಯ ತುಂಡು ಹೊದಿಸಿದಳು. ಅಷ್ಟರಲ್ಲಿ ಅಕ್ಕನಿಗೆ ರಕ್ತ ಹೋಗತೊಡಗಿತು. ನಿಲ್ಲಲೇ ಇಲ್ಲ. ಸೂಲಗಿತ್ತಿ, ಅಮ್ಮ ಇಬ್ಬರೂ ಅವಳ ಕಡೆ ತಿರುಗಿದರು.

ಹುಟ್ಟಿದ ಕೂಸಿಗೆ ಪುರುಡು, ಅಂದರೆ ಮೈಲಿಗೆ, ಎನ್ನುತ್ತಿದ್ದರು. ಮೊದಲ ಸ್ನಾನ ಆಗುವವರೆಗೆ ಮನೆಯವರು ಮುಟ್ಟುವಂತಿರಲಿಲ್ಲ. ಆ ಸ್ನಾನ ಮಾಡಿಸಬೇಕಾದವಳು ಸೂಲಗಿತ್ತಿ. ಅವಳ ಎರಡೂ ಕೈ ಅಕ್ಕನ ಹೊಟ್ಟೆಯ ಮೇಲಿದ್ದವು.

“ಅಜ್ಜಿ, ಕೂಸು ನಡುಗ್ತೈತೆ. ಎತ್ಕಳ್ಳಾ?”

“ಏ, ಮುಟ್ಟೀಯ! ಸುಮ್ನಿರು, ಈಗ ನೀರು ಹಾಕ್ತಾಳೆ.”

ಅಜ್ಜಿ ಕಲ್ಲುಮನಸ್ಸಿನವಳಲ್ಲ. ಅವಳ ಕೈಯೂ ಒಮ್ಮೆ ಮೊರದತ್ತ ಚಾಚಿ ಹಿಂದೆ ಬಂತು. ನಾನು ಹೊಸ್ತಿಲಲ್ಲೇ ನಿಂತಿದ್ದೆ. ಕೂಸಿನ ಅಳು ಸಣ್ಣಗಾಗುತ್ತ ಬಂತು. ತುಟಿ ನೀಲಿಯಾಯಿತು.

“ಯಾಕವ್ವಾ, ಕೂಸಿನ ದನೀನೇ ಇಲ್ಲ?” ಎಂದು ಜಗಲಿಯಿಂದ ಅಪ್ಪ ಕೂಗಿದ.

ಅಕ್ಕ ಉಳಿದಳು. ಸೂಲಗಿತ್ತಿ ಬೆವರು ಒರೆಸಿಕೊಂಡು ಈಚೆ ಬಂದಾಗ ಕೂಸು ತಣ್ಣಗಿತ್ತು. ಬಿಸಿನೀರು ಹಾಕಿದಳು, ಅಂಗಾಲು ತಿಕ್ಕಿದಳು, ಕಂಬಳಿ ಸುತ್ತಿದಳು. ಕೊನೆಗೆ “ತಡ ಆತವ್ವಾ” ಎಂದಳು. ಮಧ್ಯಾಹ್ನ ಎಚ್ಚರವಾದ ಅಕ್ಕ ಕೂಸಿಗೆಂದು ಕೈ ಚಾಚಿದಳು. ಅವಳ ಕೈಗೆ ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ.

ಮಕ್ಕಳೇ, ಮೊನ್ನೆ ಜಗಳೂರಿನ ಆಸ್ಪತ್ರೆಯಲ್ಲಿ ನಿಮ್ಮ ತಮ್ಮನೂ ಅಷ್ಟೇ ಸಣ್ಣಗೆ ಹುಟ್ಟಿದ. ಮೈ ಒರೆಸಿದ ಕೂಡಲೇ ಅವನನ್ನು ನಿಮ್ಮಮ್ಮನ ಬರಿಯ ಎದೆಗೆ ಒರಗಿಸಿ ಹೊದಿಸಿದರು. ಸ್ನಾನ ಈಗಲೇ ಬೇಡ ಎಂದರು. ಈಗ ಮನೆಗೇ ಬಂದು ತೂಕ ನೋಡುವ ಆಶಾ ಕಾರ್ಯಕರ್ತೆ, “ನೀವೂ ಎದಿಗೆ ಹಾಕ್ಕಳ್ರಿ ಅಜ್ಜಿ, ಬೆಚ್ಚಗಿರ್ತಾನೆ” ಎಂದು ನನಗೂ ಕಲಿಸುತ್ತಾಳೆ. ನೀವಿಬ್ಬರೂ ಸೋಪು ಹಚ್ಚಿ ಕೈ ತೊಳೆದು ಬಂದು, ಅವನನ್ನು ಮೊದಲು ಯಾರು ಎತ್ತಿಕೊಳ್ಳಬೇಕೆಂದು ಜಗಳ ಆಡುತ್ತೀರಿ. ಆಡಿ. ನಾನು ಬಿಡಿಸಲು ಬರುವುದಿಲ್ಲ.