ಅಪ್ಪನ ಕಾರಿಗೆ ಹಚ್ಚಿದ ಮೀನೆಣ್ಣೆ

ಆರು ವರ್ಷದ ಹಿಂದಿನ ದಸರಾ ರಜೆ. ಅಂಕೋಲಾ ತಾಲೂಕಿನ ಅವರ್ಸಾದ ಮನೆಯಲ್ಲಿ ಅಪ್ಪ ಮತ್ತು ನಾನು ಇಬ್ಬರೇ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ಊರವರ ಬಾಯಲ್ಲಿ 'ಅಕ್ಕೋರು'. ಅಪ್ಪ ಕಾರವಾರದ ವ್ಯಾಪಾರಿಯೊಬ್ಬರ ಹತ್ತಿರ ಮೂವತ್ತು ವರ್ಷ ಡ್ರೈವರ್ ಆಗಿದ್ದವರು. ಆ ಧಣಿ ಕೊನೆಗಾಲದಲ್ಲಿ ತಮ್ಮ ಹಳೆಯ ಅಮೆರಿಕನ್ ಕಾರನ್ನು ಅಪ್ಪನಿಗೇ ಕೊಟ್ಟುಬಿಟ್ಟಿದ್ದರು.

ಆ ಕಾರಿನ ಹೀಟ್ ವಾಲ್ವ್ ಎಂದರೆ ಅಪ್ಪನಿಗೆ ವಿಪರೀತ ಕಾಳಜಿ. ಹೊಗೆ ಹೋಗುವ ಕೊಳವೆಯ ಬಾಯಲ್ಲಿರುವ ಸಣ್ಣ ಬಾಗಿಲು ಅದು. ಎಂಜಿನ್ ತಣ್ಣಗಿದ್ದಾಗ ಮುಚ್ಚಿಕೊಂಡು ಬಿಸಿ ಹೊಗೆಯನ್ನು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಕಡೆಗೆ ತಿರುಗಿಸುತ್ತದೆ. ಎಂಜಿನ್ ಕಾದಮೇಲೆ ತಾನಾಗಿ ತೆರೆದುಕೊಳ್ಳಬೇಕು. ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿದರೆ ಅಲ್ಲಾಡುವುದಿಲ್ಲ. ಅಪ್ಪ ತಿಂಗಳಿಗೊಮ್ಮೆ ಬೆರಳಿನಿಂದ ಆಡಿಸಿ ನೋಡಿ, ಬಿಗಿಯೆನಿಸಿದರೆ ಸೀಮೆಎಣ್ಣೆಯಲ್ಲಿ ಪೆನ್ಸಿಲ್ ಕಡ್ಡಿಯ ಪುಡಿ ಕಲಸಿ ಎರಡು ಹನಿ ಬಿಡುತ್ತಿದ್ದರು. ಬೇರೆ ಎಣ್ಣೆ ಕಾದು ಅಂಟಾಗುತ್ತದೆ, ಮುಟ್ಟಿಸಲೇಬಾರದು ಎನ್ನುತ್ತಿದ್ದರು. ಚಿಕ್ಕಂದಿನಿಂದ ಕೇಳಿ ಕೇಳಿ ನನಗೆ ಸಾಕಾಗಿಹೋಗಿತ್ತು.

ಆ ವರ್ಷ ಅಪ್ಪನಿಗೆ ಸಣ್ಣದಾಗಿ ಮರೆವು ಶುರುವಾಗಿತ್ತು. ಅಜ್ಜ ಕೊನೆಗೆ ಮಕ್ಕಳ ಹೆಸರನ್ನೇ ಮರೆತಿದ್ದರಿಂದ ಅಪ್ಪನಿಗೆ ಒಳಗೊಳಗೇ ಹೆದರಿಕೆ. "ಗಾಡಿ ಕೆಲಸ ಒಂದು ಮರೀದೆ ಇದ್ರೆ ನನ್ನ ತಲೆ ಸರಿ ಅದೆ ಅಂತ ತಿಳ್ಕೋ ತಂಗಿ" ಎನ್ನುತ್ತಿದ್ದರು. ನಮ್ಮ ಕಡೆ ಮಗಳನ್ನೂ ತಂಗಿ ಎಂದೇ ಕರೆಯುವುದು.

ರಜೆಯಲ್ಲಿ ಅವರು ಎರಡು ದಿನ ಶೆಟಗೇರಿಯ ನನ್ನ ಸೋದರತ್ತೆಯ ಮನೆಗೆ ಹೋದರು. ಅಷ್ಟರೊಳಗೆ ಅವರನ್ನು ಖುಷಿಪಡಿಸೋಣವೆಂದು ನಾನು ಕಾರಿನ ಅಡಿಗೆ ತುಕ್ಕು ಹಿಡಿಯದಂತೆ ಮೀನೆಣ್ಣೆ ಹಚ್ಚಿದೆ. ನಮ್ಮಲ್ಲಿ ದೋಣಿ ಹಾಳಾಗದಿರಲೆಂದು ಹಚ್ಚುವ ಎಣ್ಣೆ. ಪಕ್ಕದ ಮನೆಯವರ ದೋಣಿಗೆ ಹಚ್ಚಿ ಉಳಿದಿತ್ತು. ನನ್ನ ಹುಮ್ಮಸ್ಸು ನೋಡಬೇಕಿತ್ತು, ಬ್ರಷ್ ಹೋದಲ್ಲೆಲ್ಲ ಬಳಿದೆ. ವಾಲ್ವ್ ನೆನಪಾಗಲೇ ಇಲ್ಲ. ಮೀನಿನ ವಾಸನೆ ನಮ್ಮ ಕೇರಿಗೇನು ಹೊಸದಲ್ಲ, ಅಪ್ಪನಿಗೂ ಗೊತ್ತಾಗಲಿಲ್ಲ. ತಾವೇ ಬಗ್ಗಿ ನೋಡಿ ಮೆಚ್ಚಿಕೊಳ್ಳಲಿ ಎಂದು ನಾನೂ ಹೇಳಲಿಲ್ಲ.

ನಾಲ್ಕು ದಿನ ಕಾರು ಓಡಿತು. ಐದನೆಯ ದಿನ ಅಪ್ಪನೂ ನಾನೂ ಕಾರವಾರಕ್ಕೆ ಹೊರಟಾಗ ಬಿಣಗಾದ ಏರಿನಲ್ಲಿ ಎಂಜಿನ್ ಕುದಿದು ನಿಂತೇಬಿಟ್ಟಿತು. ಫೋನ್ ಮಾಡಿದ ಮೇಲೆ ಪರಿಚಯದ ಮೆಕ್ಯಾನಿಕ್ ಬಂದು ಕೆಳಗೆ ನುಸುಳಿದ.

"ಅಣ್ಣಾ, ವಾಲ್ವ್ ಮುಚ್ಚಿ ಕೂತುಬಿಟ್ಟದೆ. ಅಡಿಗೆಲ್ಲ ಮೀನೆಣ್ಣೆ! ಯಾರು ಹಚ್ದವ್ರು?"

ಅಪ್ಪ ನನ್ನ ಕಡೆ ನೋಡಲೂ ಇಲ್ಲ. ನಾನು ಇಂಥ ಕೆಲಸ ಮಾಡಿರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. "ನಾನೇ ಹಚ್ಚಿರ್ಬೇಕು ಮಾರಾಯಾ. ನೆನಪೇ ಇಲ್ಲ ನೋಡು" ಎಂದರು.

ಆಗಲೇ ಹೇಳಬೇಕಿತ್ತು. ಮೂರನೆಯವರ ಎದುರು ಬೈಸಿಕೊಳ್ಳಲು ನಾಚಿಕೆಯಾಗಿ, ಮನೆಗೆ ಹೋಗಿ ಹೇಳಿದರಾಯಿತು ಅಂದುಕೊಂಡೆ. ಮನೆಗೆ ಬಂದವರೇ ಅಪ್ಪ ಕಾರಿನ ಕೀಲಿಯನ್ನು ನನ್ನ ಕೈಗಿಟ್ಟರು. "ಇನ್ನು ಸಾಕು ತಂಗಿ. ನನ್ನ ಕೈ ಮೇಲೆ ನಂಗೇ ನಂಬ್ಕೆ ಇಲ್ಲ." ನಾಳೆ ಹೇಳುತ್ತೇನೆ ಎಂದುಕೊಂಡೆ. ದಿನ ಕಳೆದಷ್ಟೂ ನನ್ನ ಬಾಯಿ ಇನ್ನಷ್ಟು ಕಟ್ಟಿಹೋಯಿತು. ಅಪ್ಪ ಆಮೇಲೆ ಕಾರು ಮುಟ್ಟಲಿಲ್ಲ. ಮುಂದಿನ ವರ್ಷ ಅದನ್ನು ಗೋವಾದವರೊಬ್ಬರಿಗೆ ಮಾರಿದೆವು. ಕೈಗೆ ಕೆಲಸವಿಲ್ಲದೆ ಅಪ್ಪ ಜಗಲಿಯಲ್ಲಿ ಕೂತರು, ಮರೆವು ಬೇಗಬೇಗ ಬೆಳೆಯಿತು. ಹೇಗೂ ಬರುವುದಿತ್ತು ಎನ್ನುತ್ತಾರೆ ಡಾಕ್ಟರು. ನನಗೆ ಸಮಾಧಾನವಿಲ್ಲ.

ಹೋದ ತಿಂಗಳು ಚಹಾ ಕುಡಿಸುತ್ತಾ ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ. ಎಣ್ಣೆ ಹಚ್ಚಿದ್ದು ನಾನು, ತಪ್ಪು ಅಪ್ಪನ ಮೇಲೆ ಬಂದಾಗ ಸುಮ್ಮನಿದ್ದವಳೂ ನಾನು ಎಂದೆ. ಅಪ್ಪ ಗಮನವಿಟ್ಟು ಕೇಳಿ, ನನ್ನ ಕೈ ಸವರಿದರು.

"ಅಳಬೇಡಿ ಅಕ್ಕೋರೆ. ಮನೆಗೆ ಹೋಗಿ ನಿಮ್ಮ ಅಪ್ಪನ ಹತ್ರ ಹೇಳ್ಬಿಡಿ. ಪಾಪ, ತನ್ನ ತಲೆನೇ ಕೆಟ್ಟೋಯ್ತು ಅಂತ ಹೆದ್ರಿರ್ತಾನೆ ಅವ."